ಪಕ್ಕದ ಮನೆಯವ್ರನ್ನ ಎಷ್ಟು ಸಲ ಅಂತ ಕರೀಬಹುದು? (ಕಾರವಾರ, ಮಳೆಗಾಲದ ಸಣ್ಣಪುಟ್ಟ ರಿಪೇರಿ)

ಹುಬ್ಬಳ್ಳಿ_ಟು_ಕೋಡಿಬಾಗ

ಎಲ್ಲಾರಿಗೂ ನಮಸ್ಕಾರ್ರಿ. ನಾವು ಹುಬ್ಬಳ್ಳಿ ಕಡೆಯವ್ರು, ಈ ವರ್ಷ ಬ್ಯಾಸಗ್ಯಾಗ ಕಾರವಾರಕ್ಕ ಬಂದೀವಿ, ಕೋಡಿಬಾಗದಾಗ ಬಾಡಿಗಿ ಮನಿ. ನಮ್ಮ ಮನಿಯವ್ರದು ಅರಗಾ ಕಡೆ ಕಾಂಟ್ರ್ಯಾಕ್ಟ್ ಕೆಲಸ, ಶಿಫ್ಟ್ ಡ್ಯೂಟಿ, ಭಾಳ ಸಲ ರಾತ್ರಿ ನಾನು ಮತ್ತ ಅತ್ತಿಯವ್ರು ಇಬ್ರೇ ಇರ್ತೀವಿ. ಮಳಿ ಹಿಡಿದ ಮ್ಯಾಲೆ ಮನ್ಯಾಗ ಒಂದಿಲ್ಲೊಂದು ಕಿತಾಪತಿ. ಮುಂದಿನ ಬಾಗಲಾ ಉಬ್ಬಿ ಹಾಕಾಕ ಬರವಲ್ದು, ಬಚ್ಚಲದ ನಳ ತೊಟ್ಟಿಕ್ಕೂದು ನಿಲ್ಲವಲ್ದು, ಚಟ್ನಿ ರುಬ್ಬುಮುಂದ ಮಿಕ್ಸರ್ ಗಪ್ಪಂತ ಬಂದ್ ಆತು, ಇನ್ನ ರಾತ್ರಿ ಜೋರ್ ಮಳಿ ಬಂತಂದ್ರ ಕರೆಂಟಿನ ಡಬ್ಬ್ಯಾಗ ಟಪ್ ಅಂತ ಬಿದ್ದು ಇಡೀ ಮನಿ ಕತ್ತಲಿ, ಓಣ್ಯಾಗ ಮಾತ್ರ ಎಲ್ಲಾರ ಮನ್ಯಾಗೂ ಲೈಟ್ ಇರ್ತಾವ.

ಬಾಜೂಕ ಒಬ್ರು ರಿಟೈರ್ಡ್ ಕಾಕಾ ಅದಾರ, ಭಾಳ ಚಲೋ ಮನಷ್ಯಾ. ಬಾಗಲಾ ಅವ್ರೇ ನೋಡಿದ್ರು, ಕರೆಂಟ್ ಬಿದ್ದಾಗ ಛತ್ರಿ ಹಿಡಕೊಂಡು ಬಂದು ಎತ್ತಿಕೊಟ್ಟು ಹೋದ್ರು. ರೊಕ್ಕ ಕೊಡಾಕ ಹೋದ್ರ ಮಾರಿ ಸಣ್ಣದ ಮಾಡ್ಕೊಂಡ್ರು. ಈಗ ಮತ್ತ ಕರೀಬೇಕಂದ್ರ ನಾಲಿಗಿ ಹೊಳ್ಳವಲ್ದು. ಅವರ ಮನಿ ಅಜ್ಜಿ ಬರೇ ಕೊಂಕಣಿ ಮಾತಾಡ್ತಾರ, ನಮ್ಮ ಅತ್ತಿಯವ್ರು ಹುಬ್ಬಳ್ಳಿ ಕನ್ನಡ, ಇಬ್ರೂ ಕಟ್ಟಿ ಮ್ಯಾಲೆ ಕುಂತು ತಾಸುಗಟ್ಲೆ ಮಾತಾಡ್ತಾರ, ಏನ್ ತಿಳೀತೈತೋ ದೇವರೇ ಬಲ್ಲ. ಅಂದ್ರ ಸಂಬಂಧ ಚಲೋ ಐತಿ, ಅದನ್ನ ಕೆಡಿಸ್ಕೊಳ್ಳಾಕ ಮನಸಿಲ್ಲ. ಇಲ್ಲೆ ನಿಮ್ಮ ಕಡೆ ರೂಢಿ ಹೆಂಗ್ರಿ? ಎಂಥಾದ್ದಕ್ಕ ಕರೀಬಹುದು, ಎಂಥಾದ್ದಕ್ಕ ಕರೀಬಾರದು, ತಿರುಗಿ ಏನ್ ಕೊಡಬೇಕು?

ಕಾಜುಬಾಗ_ಅಕ್ಕ

ಸಂಕೋಚ ಎಂತಕ್ಕೆ ಮಾರಾಯ್ತಿ. ದುಡ್ಡು ಒಂದು ಕೊಡ್ಬೇಡಿ, ಬೇರೆ ಎಂತ ಬೇಕಾದ್ರೂ ಕೊಡಿ. ನಿಮ್ಮ ಕಡೆ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಎಲ್ಲ ಮಾಡ್ತ್ರಲ್ಲ, ಒಂದು ಡಬ್ಬಿ ಕೊಟ್ಟು ನೋಡಿ, ಮುಂದಿನ ಸಲ ಕಾಕನಿಗಿಂತ ಮೊದ್ಲು ಕಾಕಿ ಓಡಿ ಬರ್ತಾರೆ. ಆದ್ರೆ ಡಬ್ಬಿ ಖಾಲಿ ವಾಪಸ್ ಬರೂದಿಲ್ಲ ಈಗ್ಲೇ ಹೇಳಿಡ್ತೆ, ಅದ್ರಲ್ಲಿ ಎಂತಾದ್ರೂ ತುಂಬ್ಕಂಡೇ ಬರ್ತದೆ, ಮತ್ತೆ ನೀವು ತುಂಬ್ಬೇಕು, ಹೀಗೇ ವರ್ಷಗಟ್ಲೆ ನಡೀತದೆ, ನಮ್ಮನೆ ಒಂದು ಸ್ಟೀಲ್ ಡಬ್ಬಿ ಯಾರದ್ದು ಅಂತ ಈಗ ನಂಗೂ ಗೊತ್ತಿಲ್ಲ ಅವ್ರಿಗೂ ಗೊತ್ತಿಲ್ಲ.

ಮಿಕ್ಸರ್‌ಗೆ ಯಾರನ್ನೂ ಕರೀಬೇಡಿ. ಪ್ಲಗ್ ತೆಗ್ದು ಬೋರಲು ಹಾಕಿ ಅಡಿಗೆ ನೋಡಿ, ಸಣ್ಣ ಕೆಂಪು ಬಟನ್ ಇರ್ತದೆ. ಲೋಡ್ ಜಾಸ್ತಿ ಆದ್ರೆ ಅದು ಹೊರಗೆ ಹಾರಿ ಮೋಟರ್ ಬಂದ್ ಮಾಡ್ತದೆ. ಸ್ವಲ್ಪ ಹೊತ್ತು ತಣ್ಣಗಾಗ್ಲಿಕ್ಕೆ ಬಿಟ್ಟು ಅದನ್ನ ಒಳಗೆ ಒತ್ತಿ. ಜಾರಲ್ಲಿ ಇದ್ದದ್ದು ಅರ್ಧ ತೆಗ್ದು, ಕಾಯಿ ಹೋಳು ಸಣ್ಣ ಮಾಡಿ ಹಾಕಿ. ಹತ್ತರಲ್ಲಿ ಎಂಟು ಸಲ ಇಷ್ಟೇ ಇರೂದು, ಅಂಗಡಿಗೆ ಹೊತ್ಕಂಡು ಹೋದ್ರೆ ಅವ್ರೂ ಇದೇ ಬಟನ್ ಒತ್ತಿ ಕೊಡ್ತಾರೆ.

ಕುಮಟಾ_ವೈರಿಂಗ್

ಕರೆಂಟಿನ ವಿಷಯ ನಾ ಹೇಳ್ತೆ, ನಂದು ಅದೇ ಕಸುಬು. ಬೀಳೂದು ಯಾವ್ದು ಅಂತ ಮೊದ್ಲು ನೋಡಿ. ಡಬ್ಬಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಇರೂದು ಎಂಸಿಬಿ, ಅಂದ್ರೆ ಒಂದೊಂದು ಲೈನಿನ ಸ್ವಿಚ್ಚು, ಒಂದು ಮಾತ್ರ ಸ್ವಲ್ಪ ಅಗಲ ಇದ್ದು ಅದರ ಮೇಲೆ ‘ಟೆಸ್ಟ್’ ಅಂತ ಬಟನ್ ಇದ್ರೆ ಅದು ಆರ್‌ಸಿಸಿಬಿ. ಮನೆಗೆ ಹಾಕೂದು ಹೆಚ್ಚಾಗಿ 30 ಮಿಲಿ ಆಂಪಿಯರ್‌ದು, ಅಂದ್ರೆ ಅಷ್ಟು ಸಣ್ಣ ಕರೆಂಟು ವೈರ್ ಬಿಟ್ಟು ಒದ್ದೆ ಗೋಡೆಗೋ ನೆಲಕ್ಕೋ ಹರಿದ್ರೂ ಬೀಳ್ತದೆ. ಬೀಳೂದೇ ಅದರ ಕೆಲ್ಸ, ಅದು ಹಾಳಾಗಿದೆ ಅಂತ ತಿಳ್ಕೋಬೇಡಿ.

ನಿಮ್ದು ಮಳೆ ಬಂದಾಗ ಮಾತ್ರ ಬೀಳ್ತದೆ ಅಂದ್ರೆ ಎಲ್ಲೋ ನೀರು ಹೊಕ್ತಾ ಇದೆ. ಹಗಲಲ್ಲಿ, ಕೈ ಕಾಲು ಒಣಗಿರೂವಾಗ, ಚಪ್ಪಲಿ ಹಾಕ್ಕಂಡು, ಎಲ್ಲಾ ಎಂಸಿಬಿ ಕೆಳಗೆ ಮಾಡಿ ಆರ್‌ಸಿಸಿಬಿ ಎತ್ತಿ. ನಿಂತ್ರೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವ್ದು ಎತ್ತಿದಾಗ ದೊಡ್ಡದು ಬಿತ್ತೋ ಆ ಲೈನಲ್ಲೇ ಕಳ್ಳ ಇರೂದು. ಆ ಒಂದನ್ನ ಕೆಳಗೆ ಇಟ್ಟು ಉಳಿದ ಮನೆಗೆ ಕರೆಂಟು ಕೊಟ್ಕಳಿ, ರಾತ್ರಿ ಕತ್ಲಲ್ಲಿ ಕೂರೂ ಗತಿ ತಪ್ತದೆ. ಆಮೇಲೆ ಆ ಲೈನಲ್ಲಿ ಇದ್ದ ಪ್ಲಗ್ ಎಲ್ಲ ಕಿತ್ತು ಪುನಃ ನೋಡಿ. ಹೊರಗಿನ ಲೈಟು, ಗೇಟಿನ ಬೆಲ್ಲು, ಪಂಪು, ಗೀಸರ್, ವಾಷಿಂಗ್ ಮಷಿನ್, ನನ್ನ ಅನುಭವದಲ್ಲಿ ಈ ಐದರಲ್ಲೇ ಒಂದು. ಎಲ್ಲಾ ಎಂಸಿಬಿ ಕೆಳಗಿದ್ರೂ ದೊಡ್ಡದು ನಿಲ್ಲೂದೇ ಇಲ್ಲ ಅಂದ್ರೆ ನ್ಯೂಟ್ರಲ್ ಕಡೆ ತೊಂದ್ರೆ ಇರ್ಬಹುದು, ಅದು ನಿಮ್ಮ ಕೈಲೂ ಆಗೂದಲ್ಲ ಪಕ್ಕದ ಮನೆ ಕಾಕನ ಕೈಲೂ ಆಗೂದಲ್ಲ, ಎಲೆಕ್ಟ್ರಿಷಿಯನ್ ಬೇಕು.

ಇನ್ನೊಂದು. ಯಾರಾದ್ರೂ ಪುಣ್ಯಾತ್ಮರು ಬಂದು ‘ಇದು ಸುಮ್ನೆ ಕಿರಿಕಿರಿ, ನಾ ಬೈಪಾಸ್ ಮಾಡಿ ಕೊಡ್ತೆ’ ಅಂದ್ರೆ ಒಂದು ಚಾ ಕೊಟ್ಟು ಮನೆಗೆ ಕಳ್ಸಿ. ಮಳೆಗಾಲದಲ್ಲಿ ಆ ಒಂದು ಉಪಕಾರ ಮಾತ್ರ ಯಾರಿಂದ್ಲೂ ತಗೋಬೇಡಿ.

ಬೈತಖೋಲ್_ಬಂದರು

ಕಾಕನಿಗೆ ಎರಡು ಬಾಂಗಡೆ ಕೊಡಿ ಸಾಕು, ಟ್ರಾನ್ಸ್‌ಫಾರ್ಮರ್ರೇ ತಂದು ಕೂರಿಸ್ತಾರೆ.

ಹೊನ್ನಾವರ_ಈಗ_ಬೆಂಗಳೂರು

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ ಬೇಜಾರಾಗ್ಬೇಡಿ. ಪಕ್ಕದ ಮನೆಯವರು ಪಕ್ಕದ ಮನೆಯವರೇ, ಪ್ಲಂಬರ್ ಅಲ್ಲ. ಇಲ್ಲಿ ಆ್ಯಪಲ್ಲಿ ಬುಕ್ ಮಾಡಿದ್ರೆ ಅರ್ಧ ಗಂಟೇಲಿ ಜನ ಬರ್ತಾರೆ, ದುಡ್ಡು ಕೊಟ್ಟೆ ಮುಗೀತು, ಋಣ ಇಲ್ಲ ಮುಲಾಜಿಲ್ಲ. ಊರಲ್ಲಿ ಒಂದು ಬಲ್ಬ್ ಹಾಕ್ಸಿಕೊಂಡ್ರೆ ಅದಕ್ಕೆ ಮದುವೆ, ಉಪನಯನ, ಗೃಹಪ್ರವೇಶ ಎಲ್ಲದಕ್ಕೂ ಹೋಗ್ಬೇಕು. ಜೊತೆಗೆ ಅವರು ನಮ್ಮನೆ ಒಳಗೆ ಬಂದು ಎಲ್ಲ ನೋಡಿ ಹೋಗಿ ಇನ್ನೊಬ್ಬರ ಹತ್ರ ಹೇಳೋದು ಬೇರೆ. ದುಡ್ಡು ಕೊಟ್ಟು ಮಾಡ್ಸೋದೇ ಮರ್ಯಾದೆ ಅಂತ ನನ್ನ ಅಭಿಪ್ರಾಯ.

ಶಿರಸಿ_ಸೋಗೆಮನೆ

> ಆ್ಯಪಲ್ಲಿ ಬುಕ್ ಮಾಡಿದ್ರೆ ಅರ್ಧ ಗಂಟೇಲಿ

ತಮಾ, ನಮ್ಮನೆಯಿಂದ ಶಿರಸಿ ಪೇಟೆಗೆ ಬರಕ್ಕೇ ಅರ್ಧ ಗಂಟೆ ಸಾಲ್ತಿಲ್ಲೆ, ಅದೂ ಸಂಕದ ಮೇಲೆ ನೀರು ಹತ್ತದೇ ಇದ್ರೆ. ಒಂದು ನಲ್ಲಿ ವಾಶರ್ ಹಾಕಕ್ಕೆ ಯಾವ ಪ್ಲಂಬರ್ ಬರ್ತಾನೆ? ಬಂದ್ರೂ ಪೆಟ್ರೋಲ್ ದುಡ್ಡೇ ವಾಶರ್ ಬೆಲೆಗಿಂತ ಹತ್ತು ಪಟ್ಟು. ನಮ್ಮಲ್ಲಿ ಒಬ್ರ ಮನೆ ಕೆಲಸಕ್ಕೆ ಇನ್ನೊಬ್ರು ಹೋಗದು ಅಂದ್ರೆ ಅದು ಉಪಕಾರ ಅಂತ ಲೆಕ್ಕ ಅಲ್ಲ. ಮುಯ್ಯಾಳು ಅಂತ ಗದ್ದೆ ನೆಟ್ಟಿಗೆ, ಕೊಯ್ಲಿಗೆ ಹೋಗ್ತಿದ್ವಲ, ಅಡಕೆ ಸುಲಿಯಕ್ಕೆ ರಾತ್ರಿ ಒಬ್ಬೊಬ್ರ ಮನೇಲಿ ಸೇರ್ತಿದ್ವಲ, ಇದೂ ಹಂಗೇ. ಇವತ್ತು ನಿನ್ನ ಮನೆ ಏಣಿ ನಾನು ಹಿಡೀತೆ, ನಾಳೆ ನಮ್ಮನೆ ದಬ್ಬೆ ನೀನು ಹೊರು. ಈಗ ಸುಲಿಯ ಮಷಿನ್ ಬಂದು ಅಡಕೆಗೆ ಸೇರದು ಕಮ್ಮಿ ಆತು ಅದು ಬೇರೆ ಮಾತು.

ಹುಬ್ಬಳ್ಳಿ ತಂಗೀ, ನಿಮ್ಮನೆ ಹಂಚಿಂದಾ ಆರ್‌ಸಿಸಿಯಾ? ಹಂಚಿಂದಾದ್ರೆ ಒಂದು ಮಾತು. ಮಳೇಲಿ ಸೋರ್ತು ಹೇಳಿ ಯಾರನ್ನೂ ಮೇಲೆ ಹತ್ತಿಸ್ಬೇಡಿ, ಎಷ್ಟೇ ಆಪ್ತರಾಗ್ಲಿ. ಹಂಚಿನ ಮೇಲೆ ಪಾಚಿ, ಕೆಳಗೆ ರೀಪು (ಹಂಚು ಹೊತ್ತ ಮರದ ಪಟ್ಟಿ) ಲಡ್ಡಾಗಿದ್ದಾ ಎಂತಾ ಮೇಲಿಂದ ಗೊತ್ತಾಗ್ತಿಲ್ಲೆ. ಒಳಗಿಂದ, ಅಟ್ಟದ ಮೇಲೆ ನಿಂತು, ಸೋರ ಜಾಗದ ಹಂಚನ್ನ ಒಂದು ಇಂಚು ಮೇಲೆ ಎತ್ತಿ ಕೆಳಗೆ ಅಡಕೆ ಹಾಳೆ ತುಂಡು ಸಿಗ್ಸಿ, ಅಗಲದ ತುದಿ ಮೇಲ್ಗಡೆ, ತಗ್ಗಿನ ತುದಿ ಕೆಳಗಿನ ಹಂಚಿನ ಮೇಲೆ ಬರ ಹಂಗೆ. ಹಾಳೆ ಇಲ್ದಿದ್ರೆ ದಪ್ಪ ಪ್ಲಾಸ್ಟಿಕ್ಕು. ಅದು ದೀಪಾವಳಿ ವರೆಗೆ ತಡೀತು, ಆಮೇಲೆ ಬಿಸಿಲು ಬಂದ್ಮೇಲೆ ಹಂಚು ತಿರುವಿಸಿ. ನಮ್ಮೂರಲ್ಲಿ ಮಳೇಲಿ ಮಾಡಿಗೆ ಹತ್ತಿ ಸೊಂಟ ಮುರ್ಕಂಡವ್ರು ಇದ್ದ, ಹತ್ತಿದ್ದು ಅವ್ರ ಮನೇದಲ್ಲ, ಪಕ್ಕದ ಮನೇದು. ಆ ಎರಡೂ ಮನೆ ಮಧ್ಯೆ ಈಗ ಮಾತಿಲ್ಲೆ.

ಹುಬ್ಬಳ್ಳಿ_ಟು_ಕೋಡಿಬಾಗ

ಆರ್‌ಸಿಸಿ ಅಣ್ಣಾರ, ಹಂಚು ಅಲ್ಲ. ಆದ್ರ ಹಾಳಿ ವಿಷಯ ಕೇಳಿ ಖುಷಿ ಆತು.

ಮಿಕ್ಸರ್ ಚಾಲೂ ಆತ್ರಿ ಅಕ್ಕಾರ!! ಅಷ್ಟು ದಿನ ಅತ್ತಿಯವ್ರು ಒಳ್ಳಿನ್ಯಾಗ ರುಬ್ಬಿದ್ರು. ಈಗ ಮಿಕ್ಸರ್ ಸರಿ ಆದ್ರೂ ‘ಒಳ್ಳಿಂದೇ ರುಚಿ’ ಅನ್ನಾಕ ಹತ್ಯಾರ, ಅದು ಬೇರೆ ತಲಿಬ್ಯಾನಿ.

ಸದಾಶಿವಗಡ_ನಿವೃತ್ತ

ನಾನು ನಿಮ್ಮ ಕಾಕನ ಜಾಗದಲ್ಲಿ ಇರುವವ. ನಮ್ಮ ಕೇರಿಯಲ್ಲಿ ಕೈಯಲ್ಲಿ ಸ್ಪ್ಯಾನರ್ ಹಿಡಿಯೂಕೆ ಬರುವವ ನಾನೊಬ್ನೇ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಪಂಪು, ನಳ, ಕುಕ್ಕರು, ಟಿವಿ ರಿಮೋಟು, ಒಂದ್ಸಲ ನಾಯಿ ಸರಪಳಿಗೂ ಕರೆದಿದ್ದಾರೆ. ಕರೆಯುವವರ ಕಡೆಯಿಂದ ಎಲ್ಲ ಬರೀತಾ ಇದ್ದೀರಿ, ಕರೆಸಿಕೊಳ್ಳುವವನ ಕಡೆಯಿಂದಲೂ ಒಂದೆರಡು ಹೇಳ್ತೆ.

ಕರೆದ್ರೆ ನಮಗೆ ಬೇಜಾರಿಲ್ಲ. ಖರೇ ಹೇಳಬೇಕಂದ್ರೆ ರಿಟೈರ್ ಆದಮೇಲೆ ಯಾರೂ ಕರೀದಿದ್ರೇ ಬೇಜಾರು. ತ್ರಾಸಾಗುವುದು ಹೇಗೆ ಕರೀತಾರೆ ಅನ್ನೂದ್ರಲ್ಲಿ. ‘ಸ್ವಲ್ಪ ಬಂದು ಹೋಗಿ’ ಅಂತ ಫೋನ್ ಮಾಡ್ತಾರೆ, ಎಂತ ಆಗಿದೆ ಹೇಳೂದಿಲ್ಲ. ನಾನು ಬರೀ ಟೆಸ್ಟರ್ ಹಿಡ್ಕಂಡು ಹೋಗಿರ್ತೆ, ಅಲ್ಲಿ ನೋಡಿದ್ರೆ ಸಿಂಕಿನ ಪೈಪು ಕಟ್ಟಿದೆ, ತೆಂಗಿನ ಜುಂಗು ತುಂಬ್ಕಂಡು. ಪುನಃ ಮನೆಗೆ, ಪುನಃ ಅಲ್ಲಿಗೆ, ಮಳೆಯಲ್ಲಿ. ಈಗ ಎಲ್ಲರ ಕೈಯಲ್ಲೂ ಕ್ಯಾಮರಾ ಫೋನ್ ಇದೆ, ಒಂದು ಫೋಟೋ ತೆಗೆದು ಕಳಿಸಿ, ಅರ್ಧ ಕೆಲಸ ಕೂತಲ್ಲೇ ಹೇಳಿಬಿಡ್ತೆ. ಎರಡರಿಂದ ನಾಲ್ಕು ನನ್ನ ನಿದ್ರೆ. ರಾತ್ರಿ ಊಟ ಆದ ಮೇಲೆ ನೀರು ಹಾಲಿಗೆ ಬರ್ತಾ ಇದ್ರೆ ಮಾತ್ರ ಕರೀರಿ, ತೊಟ್ಟಿಕ್ಕೂದು ಬೆಳಗಿನ ತನಕ ತೊಟ್ಟಿಕ್ಕಲಿ, ಅಡಿಗೆ ಬಕೆಟ್ ಇಡಿ.

ಮತ್ತೆ ನಾನು ಬಂದಾಗ ಟಾರ್ಚ್ ಎಲ್ಲಿದೆ, ಸ್ಟೂಲ್ ಎಲ್ಲಿದೆ, ಮೇಲಿನ ಟಾಂಕಿ ನೀರು ಬಂದ್ ಮಾಡೂ ವಾಲ್ವ್ ಎಲ್ಲಿದೆ ಅಂತ ಮನೆಯವರಿಗೇ ಗೊತ್ತಿರೂದಿಲ್ಲ. ಈ ವಾಲ್ವ್ ಒಂದು ಗೊತ್ತಿದ್ರೆ ಬಚ್ಚಲ ನಳದ ವಾಶರ್ ಹೆಣ್ಮಕ್ಕಳೂ ಆರಾಮ ಬದ್ಲಿಸ್ಬಹುದು. ವಾಲ್ವ್ ಬಂದ್ ಮಾಡಿ, ನಳ ತೆರೆದು ಪೈಪಲ್ಲಿದ್ದ ನೀರು ಖಾಲಿ ಮಾಡಿ, ಮೇಲಿನ ತಿರುಪು ಬಿಚ್ಚಿ ಹಳೇ ವಾಶರ್ ತೆಗೆದು ಅದನ್ನೇ ಅಂಗಡಿಗೆ ತಕ್ಕಂಡು ಹೋಗಿ ತೋರಿಸಿ ಅಂಥದೇ ತನ್ನಿ. ಹೊಸ ಮಾದರಿ, ಅರ್ಧ ಸುತ್ತಿಗೇ ತೆರೆಯೂ ನಳ ಆದ್ರೆ ಒಳಗೆ ವಾಶರ್ ಅಲ್ಲ, ಇಡೀ ಸ್ಪಿಂಡಲ್ ಬದ್ಲಿಸ್ಬೇಕು. ನಳವನ್ನೇ ಗೋಡೆಯಿಂದ ಬಿಚ್ಚಿದ್ರೆ ತಿರುಪಿನ ತುದಿ ನಿಮ್ಮ ಕಡೆ ಮಾಡಿ ಹಿಡಿದು ಟೆಫ್ಲಾನ್ ಟೇಪು ಗಡಿಯಾರದ ಮುಳ್ಳು ತಿರುಗೂ ದಿಕ್ಕಿಗೇ ಸುತ್ತಿ, ತಿರಗಾಮುರಗಾ ಸುತ್ತಿದ್ರೆ ಬಿಗಿ ಮಾಡೂವಾಗ ಬಿಚ್ಚಿ ಬರ್ತದೆ.

ನನಗೆ ನಿಜವಾಗಿ ನೋವಾದದ್ದು ಒಂದೇ ಸಲ. ಒಬ್ರ ಮನೆ ಪಂಪು ನೀರು ಎಳೀತಿರ್ಲಿಲ್ಲ, ನೀರು ತುಂಬಿ ಪ್ರೈಮ್ ಮಾಡಿ ಕೊಟ್ಟೆ, ಬಾವಿಯೊಳಗೆ ಪೈಪಿನ ತುದಿಯಲ್ಲಿ ನೀರು ತಡೆದು ಹಿಡಿಯೂ ಫುಟ್‌ವಾಲ್ವ್ ಹೋಗಿದೆ, ಬದ್ಲಿಸಿ ಅಂತ ಹೇಳಿ ಬಂದೆ. ಬದ್ಲಿಸಲಿಲ್ಲ. ಒಣ ಓಡಿ ಓಡಿ ಮೋಟರ್ ಸುಟ್ಟಿತು. ಆಗ ಅವರು ಕೇರಿಯಲ್ಲಿ ಹೇಳಿದ್ದು ‘ಅವ್ರು ಮುಟ್ಟಿದ ಮೇಲೇ ಹಾಳಾಯ್ತು’ ಅಂತ. ದುಡ್ಡು ತಗೊಂಡು ಮಾಡುವವನಿಗೆ ಗ್ಯಾರಂಟಿ ಕೇಳಬಹುದು, ಚಾ ಕುಡಿದು ಮಾಡಿ ಹೋಗುವವನಿಗೆ ಕೇಳಬಾರದು. ಇಷ್ಟು ತಿಳಿದವರ ಮನೆಗೆ ನಾನು ಎಷ್ಟು ಸಲ ಬೇಕಾದ್ರೂ ಹೋಗ್ತೆ.

ಹಾಂ, ನನ್ನ ಹನ್ನೆರಡು ನಂಬರಿನ ಸ್ಪ್ಯಾನರ್ ಯಾರ ಮನೆಯಲ್ಲಿದೆಯೋ ದಯವಿಟ್ಟು ಕೊಟ್ಟುಬಿಡಿ.

ಹೊನ್ನಾವರ_ಈಗ_ಬೆಂಗಳೂರು

ಸರ್ ಕೊನೇ ಮಾತು ಒಪ್ಪಿದೆ. ನಾನು ಹೇಳಿದ್ದೂ ಅದೇ ಅಲ್ವಾ, ದುಡ್ಡು ಕೊಟ್ರೆ ಗ್ಯಾರಂಟಿ ಕೇಳಬಹುದು.

ಸದಾಶಿವಗಡ_ನಿವೃತ್ತ

ಹೌದು, ದೊಡ್ಡ ಕೆಲಸಕ್ಕೆ. ವಾಶರಿಗೆ ಗ್ಯಾರಂಟಿ ಕೇಳ್ತೀರಾ? 2024ರ ಆಗಸ್ಟಲ್ಲಿ ಹಳೇ ಕಾಳಿ ಸೇತುವೆ ಬಿತ್ತಲ್ಲ, ಆಗ ಕಾರವಾರ ಪೇಟೆಯಿಂದ ಮಿಸ್ತ್ರಿ ಹೊಳೆ ದಾಟಿ ನಮ್ಮ ಸದಾಶಿವಗಡದ ದಡಕ್ಕೆ ಬರ್ಲಿಕ್ಕೇ ಒಪ್ತಿರ್ಲಿಲ್ಲ. ಆಗ ನಡೆದದ್ದೆಲ್ಲ ಒಬ್ರಿಗೊಬ್ರು ಮಾಡಿಕೊಂಡೇ.

ಹಳದೀಪುರ_ಬಡಗಿ

ಬಾಗಿಲು ವಿಷ್ಯ ಯಾರೂ ಹೇಳ್ಲಿಲ್ಲ. ಉಬ್ಬಿದ ಬಾಗಿಲಿಗೆ ಈಗ ಕೀಸುಳಿ ಹಾಕ್ಸಬೇಡಿ, ಕಾಕಾ ಎಷ್ಟೇ ಉತ್ಸಾಹ ಮಾಡ್ಲಿ. ಮರ ನೀರು ಕುಡ್ದು ಉಬ್ಬಿದೆ, ಮಾರ್ಚ್ ಬಂದ್ರೆ ತಾನಾಗೇ ಇಳೀತದೆ, ಈಗ ಕೀಸಿದ್ರೆ ಬೇಸಿಗೆಲಿ ಸಂದಿಲಿ ಹಲ್ಲಿ ಓಡಾಡ್ತದೆ. ಎಲ್ಲಿ ಉಜ್ಜುತ್ತದೆ ನೋಡಿ ಅಲ್ಲಿ ಮೇಣದಬತ್ತಿ ಗಸಗಸ ತಿಕ್ಕಿ. ಕೆಳಗಿನ ಅಂಚಿಗೆ ಬಣ್ಣ ಹಚ್ಚಿದಾರಾ ನೋಡಿ, ಹೆಚ್ಚಿನವ್ರು ಅದೊಂದು ಬಿಟ್ಟೇ ಬಿಟ್ಟಿರ್ತಾರೆ, ನೀರು ಹತ್ತೂದೇ ಅಲ್ಲಿಂದ. ಒಣಗಿದ ಮೇಲೆ ಹಚ್ಚಿ. ಕಬ್ಬಿಣದ ಚಿಲಕ, ಬಿಜಾಗ್ರಿಗೆ ಎಣ್ಣೆ ಬಿಡ್ತಾ ಇರಿ, ಸಮುದ್ರದ ಗಾಳಿಗೆ ಅದು ಉಳಿಯೂದಿಲ್ಲ.

ಅಂಕೋಲಾ_ಮನೆಮಾಲಕಿ

ಎಲ್ರೂ ಪಕ್ಕದ ಮನೆ, ಪಕ್ಕದ ಮನೆ ಅಂತೀರಿ, ಬಾಡಿಗೆ ಮನೆ ಅಂದಮೇಲೆ ಓನರ್ ಎಂತಕ್ಕೆ ಇರೂದು? ನಾನೂ ಎರಡು ಮನೆ ಬಾಡಿಗೆ ಕೊಟ್ಟವ್ಳೇ. ಗೋಡೆಯೊಳಗಿನ ವೈರಿಂಗು, ಪೈಪು, ಬಾಗಿಲು ಇದೆಲ್ಲ ಓನರ್ ಲೆಕ್ಕ, ಬಲ್ಬು, ವಾಶರು ಇಂಥದ್ದು ಇದ್ದವ್ರ ಲೆಕ್ಕ, ಸಾಮಾನ್ಯ ಹೀಗೇ ನಡೀತದೆ. ಮೊದ್ಲು ಓನರಿಗೆ ವಾಟ್ಸಾಪಲ್ಲಿ ಫೋಟೋ ಸಮೇತ ಹಾಕಿಡಿ. ಇಲ್ದಿದ್ರೆ ಮನೆ ಬಿಡೂ ಹೊತ್ತಿಗೆ ‘ನೀವೇ ಹಾಳು ಮಾಡಿದ್ದು’ ಅಂತ ಡಿಪಾಸಿಟ್ಟಲ್ಲಿ ಮುರ್ಕೊಳ್ತಾರೆ. ಓನರೇ ಹೇಳ್ತಿದ್ದೇನೆ ಕೇಳಿ. ಅದೂ ಅಲ್ದೆ ನೆರೆಯವ್ರು ಬಂದು ಬಿಚ್ಚಿದ್ದು ಅಂತ ಗೊತ್ತಾದ್ರೆ ಕೆಲವು ಓನರ್‌ಗಳಿಗೆ ಸಿಟ್ಟು ಬರ್ತದೆ, ನನಗೆ ಬರೂದಿಲ್ಲ ಅಂತ ಹೇಳೂದಿಲ್ಲ.

ಚೆಂಡಿಯಾ_ಟೀಚರ್

ಹುಬ್ಬಳ್ಳಿ ಅವ್ರೇ, ಒಂದು ಕಿವಿಮಾತು. ‘ರಾತ್ರಿ ನಾವಿಬ್ರೇ ಇರ್ತೀವಿ’ ಅಂತ ಏರಿಯಾ ಹೆಸ್ರ ಸಮೇತ ಬರೆದಿದ್ದನ್ನ ಎಡಿಟ್ ಮಾಡಿ ತೆಗೀರಿ. ಇಲ್ಲಿ ಇರೋರು ಒಳ್ಳೆಯವ್ರೇ, ಆದ್ರೂ ಇದನ್ನ ಯಾರ್ಯಾರು ಓದ್ತಾರೆ ಹೇಳಕ್ಕಾಗಲ್ಲ. ಮನೆ ಒಳಗೆ ಹೊಸ ಮಿಸ್ತ್ರಿ ಬರೋದಿದ್ರೆ ಆಗ ಪಕ್ಕದ ಕಾಕಿನ ಕರೀರಿ, ರಿಪೇರಿಗಲ್ಲ, ಸುಮ್ನೆ ಬಂದು ಕೂರ್ಲಿಕ್ಕೆ. ನಾನು ಒಬ್ಳೇ ಇರೋಳು, ಯಾವಾಗ್ಲೂ ಹಾಗೇ ಮಾಡೋದು. ಕಾಕಿಗೂ ಚಾ, ಮಿಸ್ತ್ರಿಗೂ ಚಾ. ಮಿಸ್ತ್ರಿ ಹೆಚ್ಚು ರೇಟು ಹೇಳಿದ್ರೆ ಕೊಂಕಣಿಯಲ್ಲಿ ಜಗಳ ಆಡೂ ಕೆಲಸಾನೂ ಅವ್ರದ್ದೇ.

ಹುಬ್ಬಳ್ಳಿ_ಟು_ಕೋಡಿಬಾಗ

ಟೀಚರ್ ಹೇಳಿದ್ದು ಖರೇ, ತಗದು ಬಿಡ್ತೀನಿ. ಓನರ್‌ಗೂ ಫೋಟೋ ಹಾಕೀನಿ.

ವೈರಿಂಗ್ ಅಣ್ಣಾರ, ನೀವು ಹೇಳಿದಂಗ ಒಂದೊಂದ ಎತ್ತಿ ನೋಡಿದ್ವಿ. ಮೂರನೇದು ಎತ್ತಿದ ಕೂಡ್ಲೆ ಬಿತ್ತು. ಅದು ಹೊರಗ ಗೇಟ್ ಕಡೆ ಲೈಟ್ ಲೈನ್. ಕಾಕಾ ನಾನು ಕರೀದ ಬಂದ್ರು, ಕಂಪೌಂಡ್ ದಾಟಿ ನಮ್ಮ ಅತ್ತಿಯವ್ರೇ ಅಜ್ಜಿಗೆ ಹೇಳಿದ್ರಂತ, ಯಾವ ಭಾಷಾದಾಗ ಹೇಳಿದ್ರೋ. ಮೇನ್ ಬಂದ್ ಮಾಡಿಸಿ ಲೈಟಿನ ಗಾಜಿನ ಬುರಡಿ ತಿರುವಿದ್ರ ಒಳಗ ಅರ್ಧ ಲೋಟಾ ನೀರು, ಅದ್ರಾಗ ಸತ್ತ ರೆಕ್ಕಿಹುಳಾ, ಹೋಲ್ಡರ್ ಹಸಿರಗೆ ಕಿಲುಬ ಹಿಡಿದೈತಿ. ಸದ್ಯಕ್ಕ ಆ ಲೈನ್ ಬಂದ್ ಇಟ್ಟೀವಿ, ನಿನ್ನಿ ರಾತ್ರಿ ಅಷ್ಟು ಮಳಿ ಬಂದ್ರೂ ಮನಿ ಕರೆಂಟ್ ಬೀಳಲಿಲ್ಲ.

ಈಗ ಹೊಸ ಪ್ರಶ್ನಿ. ರೊಟ್ಟಿ ಚಟ್ನಿ ಕೊಟ್ಟೆ. ಡಬ್ಬಿ ತಿರುಗಿ ಬಂತು. ಒಳಗ ಮೀನ ಸಾರು 😭 ನಾವು ತಿನ್ನೂದಿಲ್ರಿ. ಏನ್ ಹೇಳಬೇಕು?

ಬೈತಖೋಲ್_ಬಂದರು

ಅಡ್ರೆಸ್ ಕಳ್ಸಿ, ನಾ ಬಂದು ತಿಂದು ಡಬ್ಬಿ ತೊಳೆದು ಕೊಟ್ಟು ಹೋಗ್ತೆ.

ತಮಾಷೆ ಬಿಡಿ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲರ್, ಪರ್ಸೀನ್, ಅಂದ್ರೆ ದೊಡ್ಡ ಬಲೆಯ ಮಷಿನ್ ಬೋಟು ಎಲ್ಲ ಬಂದ್. ಈಗ ಸಿಗೂದು ಸಣ್ಣ ದೋಣಿಯವ್ರು ಹೊಳೆಬಾಯಲ್ಲಿ ಹಿಡಿದದ್ದು ಅಷ್ಟೇ, ರೇಟು ಕೇಳಿದ್ರೆ ತಲೆ ತಿರುಗ್ತದೆ. ಇಂಥಾ ಹೊತ್ತಲ್ಲಿ ಮೀನ ಸಾರು ಕೊಟ್ರು ಅಂದ್ರೆ ನಿಮ್ಮನ್ನ ಮನೆಯವ್ರು ಅಂತಲೇ ಲೆಕ್ಕ ಹಿಡಿದಾಯ್ತು. ‘ನಾವು ತಿನ್ನೂದಿಲ್ಲ ಕಾಕಿ’ ಅಂತ ನೇರ ಹೇಳಿ. ಏನೂ ತಿಳ್ಕೊಳ್ಳೂದಿಲ್ಲ.

ಕಾಜುಬಾಗ_ಅಕ್ಕ

ಹೌದು, ಸುಮ್ನೆ ಇಟ್ಕಂಡು ಬೆಕ್ಕಿಗೆ ಹಾಕ್ಬೇಡಿ, ಗೊತ್ತಾದ್ರೆ ಆಗ ಬೇಜಾರು. ಈಗ್ಲೇ ಹೇಳಿದ್ರೆ ಮುಂದಿನ ಡಬ್ಬಿಲಿ ಬಸಳೆ ಬರ್ತದೆ.

ಕದ್ರಾ_ಹೊಳೆಬದಿ

ನಮ್ಮದೂ ಒಂದು. ಬಾವಿಗೆ ಕೊಡಪಾನ ಬಿದ್ದಿದೆ, ಹಗ್ಗ ತುಂಡಾಗಿ. ಪಾತಾಳಗರಡಿ ನಮ್ಮೂರಲ್ಲಿ ಮೊದಲು ಒಬ್ರ ಮನೇಲಿ ಇತ್ತು, ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆ ಕೊಕ್ಕೆ ಇರ್ತದಲ್ಲ ಅದು. ಆ ಮನೆ ಅಜ್ಜಿ ನಮ್ಮ ಚೊಂಬು ಒಂದು ಒತ್ತೆ ಇಟ್ಕೊಂಡೇ ಕೊಡ್ತಿದ್ರು, ಹಾಗಾಗಿ ಅದು ಎಂದೂ ಕಳೀಲಿಲ್ಲ. (ಸದಾಶಿವಗಡ ಸರ್, ಸ್ಪ್ಯಾನರಿಗೂ ಇದೇ ಮಾಡಿ.) ಈಗ ಆ ಮನೆ ಖಾಲಿ, ಮಕ್ಕಳೆಲ್ಲ ಗೋವಾದಲ್ಲಿ. ಯಾರ ಹತ್ರ ಇದೆ?

ಇನ್ನೊಂದು ಅನುಭವ ಹೇಳ್ತೆ. 2019ರ ಆಗಸ್ಟಲ್ಲಿ ಡ್ಯಾಮ್ ನೀರು ಬಿಟ್ಟಾಗ ನಮ್ಮ ಹೊಳೆಬದಿ ಬಾವಿ ಎಲ್ಲ ಕೆಂಪು ನೀರು ತುಂಬಿ ಹೋಯ್ತು. ನೀರಿಳಿದ ಮೇಲೆ ಯಾರನ್ನ ಯಾರು ಕರೀಬೇಕು? ಎಲ್ಲರ ಮನೆದೂ ಅದೇ ಕಥೆ. ನಾವು ನಾಲ್ಕು ಮನೆಯವ್ರು ಸೇರಿ ಒಂದೇ ಪಂಪು ಇಟ್ಕೊಂಡು ದಿನಕ್ಕೊಂದು ಬಾವಿ ಎತ್ತಿ ಖಾಲಿ ಮಾಡಿದ್ವಿ, ಮೊದಲು ಮುದುಕರಿದ್ದ ಮನೇದು, ಆಮೇಲೆ ಬಾಣಂತಿ ಇದ್ದ ಮನೇದು, ಹಾಗೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕೂದು ಅಂತ ಒಬ್ಬೊಬ್ರು ಒಂದೊಂದು ಹೇಳ್ತಿದ್ರು, ಒಬ್ರು ಮುಷ್ಟಿ ಅಂದ್ರು ಒಬ್ರು ಕಾಲು ಕೇಜಿ ಅಂದ್ರು, ಕೊನೆಗೆ ಆರೋಗ್ಯ ಇಲಾಖೆಯವ್ರು ಬಂದು ಲೆಕ್ಕ ಹೇಳಿಕೊಟ್ರು. ಒಳ್ಳೆ ಪೌಡರ್ ಆದ್ರೆ 1000 ಲೀಟರಿಗೆ ಎರಡೂವರೆ ಗ್ರಾಂ. ಬಾವಿಯ ಅಗಲ 2 ಮೀಟರ್, ನೀರು 3 ಮೀಟರ್ ಇದ್ರೆ ಸುಮಾರು 9400 ಲೀಟರ್ ಆಗ್ತದೆ, ಹಾಗಾದ್ರೆ 24 ಗ್ರಾಂ ಸಾಕು. ಅದನ್ನ ನೇರ ಸುರೀಬಾರ್ದು. ಬಕೆಟಲ್ಲಿ ಸ್ವಲ್ಪ ನೀರಲ್ಲಿ ಕಲಸಿ, ಮತ್ತೆ ನೀರು ಹಾಕಿ, ಸುಣ್ಣ ಕೆಳಗೆ ಕೂರ್ಲಿಕ್ಕೆ ಬಿಟ್ಟು, ಮೇಲಿನ ತಿಳಿನೀರು ಇನ್ನೊಂದು ಬಕೆಟಿಗೆ ಬಗ್ಗಿಸಿ, ಆ ಬಕೆಟನ್ನ ಬಾವಿ ನೀರಲ್ಲಿ ಮುಳುಗ್ಸಿ ಮೇಲೆ ಕೆಳಗೆ ಆಡಿಸ್ಬೇಕು. ಕಮ್ಮಿ ಅಂದ್ರೂ ಒಂದು ತಾಸು ಬಿಟ್ಟು ಆಮೇಲೆ ನೀರು ಎತ್ತೂದು, ನಾವು ರಾತ್ರಿ ಹಾಕಿ ಬೆಳಿಗ್ಗೆ ಎತ್ತಿದ್ವಿ. ಕೆಂಪು ಕೆಸರು ನೀರಿದ್ದಾಗ್ಲೇ ಹಾಕಿದ್ರೆ ಪ್ರಯೋಜನ ಇಲ್ಲ, ಮೊದಲು ಎತ್ತಿ ಖಾಲಿ ಮಾಡಿ ಹೊಸ ನೀರು ಬಂದ ಮೇಲೆ ಹಾಕೂದು.

ಕುಮಟಾ_ವೈರಿಂಗ್

ಪಾತಾಳಗರಡಿ ಪೇಟೆ ಕಬ್ಬಿಣದ ಅಂಗಡೀಲಿ ಸಿಗ್ತದೆ ಈಗ್ಲೂ. ಬಾವಿಗೆ ಮಾತ್ರ ಯಾರೂ ಇಳೀಬೇಡಿ, ಒಳಗೆ ಗಾಳಿ ಕೆಟ್ಟಿರ್ತದೆ, ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದು ಇಬ್ರೂ ಹೋಗೂದು ನಾವು ಎಷ್ಟು ಪೇಪರಲ್ಲಿ ಓದಿಲ್ಲ.

ಚೆಂಡಿಯಾ_ಟೀಚರ್

ಅದೇ ಸಾಲಿಗೆ ಗ್ಯಾಸೂ ಸೇರಿಸಿ. ವಾಸನೆ ಬಂದ್ರೆ ‘ಸ್ವಲ್ಪ ಬಂದು ಮೂಸಿ ನೋಡಿ’ ಅಂತ ಪಕ್ಕದವ್ರನ್ನ ಅಡುಗೆಮನೆಗೆ ಕರೀಬಾರ್ದು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಪಕ್ಕದವ್ರಿಗೆ ಹೇಳೂದು ಅವ್ರೂ ಹೊರಗೆ ಬರ್ಲಿ ಅಂತ. ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಐದು ವರ್ಷಕ್ಕೆ ಬದ್ಲಿಸ್ಬೇಕು, ಪೈಪ್ ಮೇಲೇ ತಾರೀಕು ಇರ್ತದೆ, ಇವತ್ತೇ ಎಲ್ರೂ ನೋಡಿ. ಕಂಬದಿಂದ ಬರೂ ವೈರ್ ತುಂಡಾಗಿ ಬಿದ್ರೆ ಕರೆಂಟಿನವ್ರ ನಂಬರ್ 1912. ಕೋಲು ಹಿಡಿದು ಸರಿಸೂ ವೀರರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಅವ್ರನ್ನ ತಡೀರಿ.

ಶಿರಸಿ_ಸೋಗೆಮನೆ

ಹಾವನ್ನ ಮರ್ತ್ರಿ ಎಲ್ಲರೂ. ಮಳೆಗಾಲದಲ್ಲಿ ನಮ್ಮಲ್ಲಿ ಅತಿ ಹೆಚ್ಚು ಕೂಗಿ ಕರೆಯದೇ ಅದಕ್ಕೆ. ಕಟ್ಟಿಗೆ ಕೊಟ್ಟಿಗೇಲಿ ಕೇರೆ ಹಾವು ಕಂಡ್ರೆ ಹತ್ತು ಮನೆಯವ್ರು ದೊಣ್ಣೆ ಹಿಡ್ಕಂಡು ಬತ್ತ, ಪಾಪ ಅದು ಇಲಿ ತಿನ್ನಕ್ಕೆ ಬಂದಿದ್ದು, ವಿಷವೂ ಇಲ್ಲೆ. ಯಾವ ಹಾವು ಗೊತ್ತಾಗ್ದಿದ್ರೆ ದೂರದಿಂದ ಕಣ್ಣಿಟ್ಟು ಕೂರಕ್ಕೆ ಒಬ್ರನ್ನ ಕರ್ಕಂಡು, ಇನ್ನೊಬ್ರು ಫಾರೆಸ್ಟ್ ಆಫೀಸಿಗೆ ಫೋನ್ ಮಾಡಿ. ನೆರೆಮನೆಯವ ಇಲ್ಲಿ ಮಾಡಕ್ಕಾಗ ಉಪಕಾರ ಅಂದ್ರೆ ಅದು ಎಲ್ಲಿ ಹೊಕ್ಕತ್ತು ಹೇಳಿ ನೋಡ್ಕಂಡು ಕೂರದು ಮಾತ್ರ.

ಅಂಕೋಲಾ_ಮನೆಮಾಲಕಿ

ನಾನೊಂದು ಐಡಿಯಾ ಹೇಳ್ಲಾ. ನಮ್ಮ ಕೇರಿಲಿ ನಡೀತಾ ಇದೆ. ಒಂದು ವಾಶರಿಗೆ ಪ್ಲಂಬರ್ ಬರೂದಿಲ್ಲ, ಒಂದು ಹೋಲ್ಡರಿಗೆ ಎಲೆಕ್ಟ್ರಿಷಿಯನ್ ಬರೂದಿಲ್ಲ, ಅದು ಖರೇ. ಆದ್ರೆ ಐದು ಮನೆದು ಕೂಡ್ಸಿದ್ರೆ ಬರ್ತಾನೆ. ಅಡುಗೆಮನೆ ಕ್ಯಾಲೆಂಡರ್ ಹಿಂದೆ ಬರ್ಕೊಂಡು ಇಡ್ತೇವೆ, ಅವ್ರ ಮನೆ ಫ್ಲಶ್, ನಮ್ಮನೆ ಫ್ಯಾನ್ ರೆಗ್ಯುಲೇಟರ್, ಎದುರು ಮನೆ ಟಾಂಕಿ ಬಾಲ್‌ವಾಲ್ವ್. ಆಮೇಲೆ ಒಬ್ರು ಫೋನ್ ಮಾಡಿ ‘ಇಡೀ ದಿನದ ಕೆಲ್ಸ ಇದೆ ಬಾ’ ಅಂತ ಕರೀತಾರೆ. ಅವನಿಗೂ ಪೂರಾ ದಿನದ ಸಂಬಳ, ನಮಗೂ ಹಂಚಿಕೊಂಡ್ರೆ ಹಗುರ. ಊಟ ಯಾರ ಮನೇಲಿ ಅನ್ನೂದಕ್ಕೆ ಮಾತ್ರ ಪ್ರತಿ ಸಲ ಜಗಳ, ಯಾಕಂದ್ರೆ ಊಟ ಹಾಕಿದ ಮನೆ ಕೆಲ್ಸ ಚೊಕ್ಕ ಮಾಡ್ತಾನೆ ಅಂತ ಎಲ್ಲರಿಗೂ ಗುಮಾನಿ.

ಹೊನ್ನಾವರ_ಈಗ_ಬೆಂಗಳೂರು

ಇದು ಚೆನ್ನಾಗಿದೆ. ದುಡ್ಡೂ ಆಯ್ತು ನೆರೆಯೂ ಆಯ್ತು. ನಮ್ಮ ಅಪಾರ್ಟ್‌ಮೆಂಟಲ್ಲೂ ಮಾಡ್ಬಹುದು, ಆದ್ರೆ ಎದುರಿನ ಫ್ಲ್ಯಾಟಿನವ್ರ ಹೆಸರು ನಂಗೆ ಗೊತ್ತಿಲ್ಲ.

ಕಾಜುಬಾಗ_ಅಕ್ಕ

ಹೋಗಿ ಒಂದು ಲೋಟ ಸಕ್ಕರೆ ಕೇಳಿ ಬನ್ನಿ ತಮ್ಮಾ, ಗೊತ್ತಾಗ್ತದೆ.

ಸದಾಶಿವಗಡ_ನಿವೃತ್ತ

ಸ್ಪ್ಯಾನರ್ ಸಿಕ್ಕಿತು. ನಮ್ಮನೆ ಸ್ಕೂಟರ್ ಡಿಕ್ಕಿಯಲ್ಲೇ ಇತ್ತು ಅಂತ ಮನೆಯವಳು ಹೇಳ್ತಾ ಇದ್ದಾಳೆ. ಈ ವಿಷಯ ಮುಂದೆ ಬೆಳೆಸುವುದು ಬೇಡ.

ಹುಬ್ಬಳ್ಳಿ_ಟು_ಕೋಡಿಬಾಗ

😂😂 ಸರ್!

ಮೀನಿನ ವಿಷಯ ಹೇಳಿದೆ, ಕಾಕಿ ಬಿದ್ದು ಬಿದ್ದು ನಕ್ಕರು. ಇವತ್ತು ಡಬ್ಬ್ಯಾಗ ಬಸಳೀನೇ ಬಂತು ಅಕ್ಕಾರ, ನೀವು ಹೇಳಿದಂಗ. ಓನರ್ ಗೇಟ್ ಲೈಟ್ ಹೊಸಾದು ಹಾಕಸ್ತೀನಿ ಅಂದಾರ, ಯಾವಾಗ ಅಂತ ಹೇಳಿಲ್ಲ. ಕೂಡಿಸಿ ಕರಿಯೂದು ನಮ್ಮ ಓಣ್ಯಾಗೂ ಶುರು ಮಾಡೂಣು ಅಂತ ಕಾಕಾಗ ಹೇಳಿದೆ. ಅವ್ರು ಮೊದಲು ತೆಂಗಿನ ಗಿಡದ್ದು ಮಾಡೂಣು ಅಂದ್ರು, ನಮ್ಮ ಹಿತ್ತಲದಾಗ ಎರಡು ಅದಾವ, ಒಣಗಿದ ಮಡ್ಲು ನೇತಾಡ್ತಾವ, ಗಾಳಿ ಬಿಟ್ರ ಅತ್ತಿಯವ್ರು ಹೊರಗ ಅರಿಬಿ ಹಾಕಾಕ ಹೋಗೂದಿಲ್ಲ. ಕೋಡಿಬಾಗ ಕಡೆ ಕಾಯಿ ಕೀಳವ್ರು ಯಾರರ ಅದಾರೇನ್ರಿ?

ಕಾಜುಬಾಗ_ಅಕ್ಕ

ನಮ್ಮಲ್ಲಿಗೆ ಬರುವವ್ರು ಚೌತಿ ಮುಂಚೆ ಒಂದು ಸುತ್ತು ಬರ್ತಾರೆ, ಮಳೆ ಎರಡು ದಿನ ಹೊಳವಾಗಿದ್ರೆ ಮಾತ್ರ. ಒದ್ದೆ ಮರ ಹತ್ತೂದಿಲ್ಲ, ಹತ್ತು ಅಂತ ಹೇಳಲೂ ಬೇಡಿ. ಮರಕ್ಕೆ ಇಷ್ಟು ಅಂತ ದುಡ್ಡು, ಮೇಲೆ ಕಾಯಿ ಎರಡು. ನಿಮ್ಮ ಎರಡು, ಕಾಕಂದು ಎಷ್ಟಿದೆ ಕೇಳಿ ಹೇಳಿ, ಒಟ್ಟಿಗೇ ನಂಬರ್ ಹಚ್ಚಿಡ್ತೆ. ಕೆಳಗೆ ಕಾಯಿ ಹೆಕ್ಕಲಿಕ್ಕೆ ಒಬ್ರು ಇರ್ಬೇಕು.

ಬೈತಖೋಲ್_ಬಂದರು

ನಮ್ಮನೆದೂ ಮೂರು ಸೇರ್ಸಿ ಅಕ್ಕಾ. ಹೆಕ್ಕಲಿಕ್ಕೆ ನಾ ಬತ್ತೆ.